ಬೈಯುವ ಊರಲ್ಲಿ ಸಹಾಯ ಹುಡುಕುತ್ತಾ

"ಕಣ್ ಕಾಣಾಕಿಲ್ವಾ? ಅಷ್ಟ್ ದೊಡ್ ಬೋರ್ಡ್ ಅದೆಯಲ್ಲಮ್ಮ, ನೋಡು!"

ಮಂಡ್ಯದಲ್ಲಿ ಬಸ್ಸಿಳಿದು ನಾನು ಕೇಳಿಸಿಕೊಂಡ ಮೊದಲ ಮಾತು ಇದು. ವಿಜಯಪುರದಿಂದ ಮೈಕೈ ನೋಯಿಸಿಕೊಂಡು ಬಂದವಳು ಎಳನೀರು ಮಾರುವವನೊಬ್ಬನಿಗೆ ಚೀಟಿ ತೋರಿಸಿ, "ಈ ಆಫೀಸ್ ಎಲ್ಲಿ ಬರ್ತದ್ರೀ?" ಎಂದಿದ್ದೆ, ಅಷ್ಟೇ. ನಮ್ಮ ಕಡೆ ಎಮ್ಮೆಗೂ ರೀ ಹಚ್ಚುತ್ತೇವೆ ಎಂದು ತಮಾಷೆ ಮಾಡುತ್ತಾರಲ್ಲ, ಇಲ್ಲಿ ನೋಡಿದರೆ ಗುರುತಿಲ್ಲದವಳಿಗೂ ಏಕವಚನ! ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಆತ ಮಚ್ಚು ಕೆಳಗಿಟ್ಟು, "ಬಾ, ಅಂಗೇ ನಿಂತ್ಕಂಡ್ರೆ ಆಫೀಸು ನಡ್ಕಂಡ್ ಬತ್ತದಾ? ಯಾವೂರಮ್ಮ ನಿಂದು?" ಎನ್ನುತ್ತ ನನ್ನ ಚೀಲ ಹೊತ್ತು ನಡೆದೇಬಿಟ್ಟ. ಅಂಗಡಿ ಕಾಯಲು ಯಾರೂ ಇರಲಿಲ್ಲ. ಆಫೀಸಿನ ಮೆಟ್ಟಿಲವರೆಗೆ ಬಿಟ್ಟು, "ಉಂಡ್ಯಾ?" ಎಂದೂ ಕೇಳಿ ಹೋದ. ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರ ಆ ಬೈಗುಳ.

ಅಮೀನಮ್ಮ ಎಂಬವರ ಮನೆಯ ಮಹಡಿಯಲ್ಲಿ ಕೋಣೆ ಸಿಕ್ಕಿತು. ಅವರ ಗಂಡ ಲಾರಿ ಮೆಕ್ಯಾನಿಕ್. ಮೊದಲ ದಿನ ಅವರಿಟ್ಟ ರಾಗಿಮುದ್ದೆಯನ್ನು ಜೋಳದ ರೊಟ್ಟಿಯ ಹಾಗೆ ಅಗಿಯುತ್ತ ಕೂತೆ. "ಅಗೀಬ್ಯಾಡ ಕಣಮ್ಮ, ನುಂಗು!" ಎಂದು ಮನೆಮಂದಿಯೆಲ್ಲ ನಕ್ಕರು. ಅಮೀನಮ್ಮ ನನ್ನ ಚೀಲ ನೋಡಿ, "ಬಟ್ಟೆ ತಗ್ದು ಬೀರುಲಿ ಮಡಗು" ಎಂದರು. ಮಡಗು ಅಂದರೆ ಇಡು. ನಾನು ಮಡಗಲಿಲ್ಲ. ಚೀಲ ತುಂಬಿದ ಹಾಗೇ ಮಂಚದ ಕೆಳಗೆ ಇತ್ತು. ಯಾವ ಗಳಿಗೆಯಲ್ಲಿ ಹೊರಡಬೇಕಾಗುತ್ತದೋ!

ಯಾಕೆಂದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಕ್ಕಿ ಗಿರಣಿಗಳಿಗೆ ಪ್ರೋಗ್ರಾಂ ಬರೆದುಕೊಡುವ ಸಣ್ಣ ಆಫೀಸು ನಮ್ಮದು. ಮಳವಳ್ಳಿಯ ಒಂದು ಗಿರಣಿಯಲ್ಲಿ ನನ್ನ ಪ್ರೋಗ್ರಾಂ ಓಡಿಸಿ ತೋರಿಸಿದರೆ ಖಾಯಂ, ಇಲ್ಲದಿದ್ದರೆ ವಾಪಸ್ ವಿಜಯಪುರದ ಬಸ್ಸು. ಒಮ್ಮೆ ತಿರುಗಿ ಬಂದರೆ ಮತ್ತೆ ಹೊರಗೆ ಕಳಿಸುವುದಿಲ್ಲ ಎಂದು ಅವ್ವ ಮೊದಲೇ ಹೇಳಿದ್ದಳು.

ಪ್ರೋಗ್ರಾಂ ಬರೆಯುವ ಅಲ್ಲಿನ ತಂತ್ರಾಂಶ ನನಗೆ ಹೊಸದು. ಹಿರಿಯ ಸಹೋದ್ಯೋಗಿ ಶಿವಲಿಂಗು ಅವರಿಗೆ ಒಂದೇ ಒಂದು ಅನುಮಾನ ಕೇಳಿದೆ. "ಇಷ್ಟೂ ಗೊತ್ತಿಲ್ವಾ? ಏನ್ ಓದ್ಕಂಡ್ ಬಂದೆ?" ಎಂದರು. ಮುಗಿಯಿತು, ಇನ್ನು ಮನುಷ್ಯರನ್ನು ಕೇಳುವುದಿಲ್ಲ ಎಂದುಕೊಂಡೆ. ಗೊತ್ತಿಲ್ಲದ ಪದದ ಮೇಲೆ ಕರ್ಸರ್ ಇಟ್ಟು ಎಫ್-ಒನ್ ಒತ್ತಿದರೆ ಸಾಕು, ಇಂಟರ್‌ನೆಟ್ಟಿನಿಂದ ಸಹಾಯದ ಪುಟ ತೆರೆದುಕೊಳ್ಳುತ್ತಿತ್ತು. ಅರ್ಥ, ಉದಾಹರಣೆ ಎಲ್ಲ ಅದರಲ್ಲಿ. ಅದು ಬೈಯುವುದಿಲ್ಲ, ಮದುವೆ ಯಾವಾಗ ಎನ್ನುವುದಿಲ್ಲ. ದಿನಗಟ್ಟಲೆ ಆ ಪುಟಗಳ ಜೊತೆಗೇ ನನ್ನ ಮಾತುಕತೆ. ಸಂಜೆ ಹೊತ್ತಿಗೆ ನನ್ನ ದನಿಯೇ ನನಗೆ ಮರೆತಂತಾಗುತ್ತಿತ್ತು.

ಮಳವಳ್ಳಿಗೆ ಹೋದ ದಿನ ಗಿರಣಿಯ ಕಾಟಾದ ಮೇಲೆ, ಅಂದರೆ ಲಾರಿ ತೂಗುವ ದೊಡ್ಡ ತಕ್ಕಡಿಯ ಮೇಲೆ, ಭತ್ತದ ಲಾರಿ ನಿಂತಿತ್ತು. ಕಾಟಾ ತೋರಿಸುವ ತೂಕವನ್ನು ನೇರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ನನ್ನ ಪ್ರೋಗ್ರಾಂ ಕೆಲಸ, ಆದರೆ ತೂಕ ನನ್ನ ಪರದೆಗೆ ಬರಲೇ ಇಲ್ಲ. ಎಫ್-ಒನ್ ಒತ್ತಿದೆ. ಇಂಟರ್‌ನೆಟ್ ಇಲ್ಲ ಎಂದಿತು. ಮತ್ತೆ ಒತ್ತಿದೆ, ಮತ್ತೆ ಅದೇ. ಮಾಲೀಕರು, "ಏನಮ್ಮ, ಆಯ್ತದಾ ಇಲ್ವಾ? ಲಾರಿ ಸಾಲಾಗ್ ನಿಂತವೆ" ಎಂದರು. ಗೇಟಿನ ಹತ್ತಿರ ಮಾತಾಡುವಷ್ಟು ಮಾತ್ರ ಸಿಗ್ನಲ್ ಇತ್ತು. ಬೇರೆ ದಾರಿ ಕಾಣದೆ ಶಿವಲಿಂಗು ಅವರಿಗೆ ಫೋನು ಮಾಡಿದೆ.

"ಗಿರಣಿ ತಗಡಿನ್ ಶೆಡ್ ಒಳ್ಗೆ ನೆಟ್ಟು ಬತ್ತದಾ? ತಲೆ ಅದೋ ಇಲ್ವೋ?" ಅವರು ಶುರುಮಾಡಿದರು. "ಎಲ್ಪ್ ಮೆನು ತಗಿ. ಆನ್‌ಲೈನ್ ಅಂತ ಇರೋದ ಬುಟ್ಟು ಕಂಪ್ಯೂಟರ್‌ನಿಂದ ಅನ್ನೋದ ಒತ್ತು. ಪೇಜೆಲ್ಲ ನಿನ್ ಲ್ಯಾಪ್‌ಟಾಪ್‌ಗೆ ನೆನ್ನೇನೇ ಇಳ್ಸಿ ಮಡಗಿವ್ನಿ."

"ನನಗ ಹೇಳಲೇ ಇಲ್ಲಲ್ರೀ!"

"ನೀ ಕೇಳಿದ್ಯಾ? ಸರಿ, ಉಂಡ್ಯಾ?"

ಅಳು ಬಂತು. ಚೀಲ ಹೊತ್ತು ಮುಂದೆ ನಡೆದ ಎಳನೀರಿನವನ ಬೆನ್ನು ಆಗ ನೆನಪಾಯಿತು. ಒಳಗೆ ಬಂದು ಅವರು ಹೇಳಿದಂತೆ ಮಾಡಿ ಎಫ್-ಒನ್ ಒತ್ತಿದೆ. ನೆಟ್ಟಿಲ್ಲದೆಯೇ ಪುಟ ತೆರೆಯಿತು. ಒಂದು ತೂಕ ಕಳಿಸಿದ ಮೇಲೆ 'ಮುಗಿಯಿತು' ಎನ್ನಲು ಕಾಟಾ ಕೊನೆಗೆ ಹಾಕುವ ಗುರುತು ಬೇರೆ, ನನ್ನ ಪ್ರೋಗ್ರಾಂ ಕಾಯುತ್ತಿದ್ದ ಗುರುತು ಬೇರೆ. ಪುಟದಲ್ಲಿ ಓದಿಕೊಂಡು ತಿದ್ದಿದೆ. ಭತ್ತದ ತೂಕ ಪರದೆಯ ಮೇಲೆ ಬಂದು ನಿಂತಿತು. "ಅಷ್ಟೇಯಾ? ಇದ್ಕೆ ಇಷ್ಟೊತ್ತಾ?" ಎಂದು ಮಾಲೀಕರು ಕಾಫಿ ತರಿಸಿದರು.

ಕೆಲಸ ಖಾಯಂ ಆಯಿತು. ಬಟ್ಟೆ ಅರ್ಧ ಬೀರುವಿಗೆ ಹೋಯಿತು, ಅರ್ಧ ಇನ್ನೂ ಚೀಲದಲ್ಲಿದೆ. ಈಗ ಅನುಮಾನ ಬಂದರೆ ಶಿವಲಿಂಗು ಅವರನ್ನೇ ಕೇಳುತ್ತೇನೆ, ಅವರು ತಪ್ಪದೆ ಬೈಯುತ್ತಾರೆ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಅವ್ವ ಚಾಳೀಸು ಹುಡುಕುತ್ತ ಮನೆಯೆಲ್ಲ ಸುತ್ತುತ್ತಿದ್ದಳು.

"ಕಣ್ ಕಾಣಾಕಿಲ್ವಾ? ತಲೆ ಮ್ಯಾಲೇ ಅದೆಯಲ್ಲವ್ವ, ನೋಡು!" ಎಂದು ಎದ್ದುಹೋಗಿ ಅವಳ ತಲೆಯ ಮೇಲಿದ್ದ ಚಾಳೀಸನ್ನು ಮೂಗಿಗೆ ಏರಿಸಿ, "ಉಂಡ್ಯಾ?" ಎಂದೆ.

ನನ್ನ ಬಾಯಲ್ಲಿ ಮಂಡ್ಯದ ಮಾತು ಕೇಳಿ ಅವ್ವನ ಮುಖ ಸಪ್ಪಗಾಯಿತು. ಚಾಳೀಸಿನೊಳಗಿಂದ ನನ್ನನ್ನೇ ದಿಟ್ಟಿಸಿದಳು.

"ಯಾವ ಊರಾಕಿ ನೀ?" ಎಂದಳು.

ಮಂಡ್ಯದಲ್ಲಿ ಯಾರು ಈ ಪ್ರಶ್ನೆ ಕೇಳಿದರೂ ಥಟ್ಟನೆ ಉತ್ತರ ಕೊಡುತ್ತಿದ್ದವಳು, ಅವ್ವನಿಗೆ ಮಾತ್ರ ಉತ್ತರದ ಬದಲು ತಾಟು ಹಾಕಿ ರೊಟ್ಟಿ ಬಡಿಸಿದೆ.