ಮುಟ್ಟದೆ ಬಿಪಿ ನೋಡುವ ಕ್ಯಾಮೆರಾದ ಮುಂದೆ

ನನ್ನ ಬಲಗಣ್ಣಿನ ಪೊರೆ ತೆಗೆಯಬೇಕೆಂದು ಕೊಪ್ಪಳದ ಕಣ್ಣಿನ ದವಾಖಾನೆಯಲ್ಲಿ ಹೇಳಿ ಒಂದು ಮಳೆಗಾಲ ಕಳೆದಿತ್ತು. ಎರಡು ಸಲ ಬುತ್ತಿ ಕಟ್ಟಿಕೊಂಡು ಹೋದೆ, ಎರಡು ಸಲವೂ ಆ ಬುತ್ತಿ ಉಂಡು ಹಾಗೇ ವಾಪಸ್ ಬಂದೆ. ಆಪರೇಷನ್ನಿಗೆ ಮೊದಲು ನರ್ಸು ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಾಳೆ. ನೋಡಿದವಳೇ ಮುಖ ಸಣ್ಣದು ಮಾಡುತ್ತಾಳೆ.

“ಭಾಳ ಏರೈತ್ರಿ ಅಜ್ಜಿ. ಇಷ್ಟಿದ್ರ ಡಾಕ್ಟ್ರು ಕಣ್ಣ ಮುಟ್ಟಂಗಿಲ್ಲ.”

ಗುಳಿಗೆ ಬದಲಿಸಿದರು. ಉಪ್ಪು ಕಡಿಮೆ ಮಾಡಿ ಎಂದರು. ಸೊಸೆ ಉಪ್ಪಿನಕಾಯಿ ಭರಣಿಯನ್ನು ಕಾಣದ ಕಡೆ ಇಟ್ಟಳು. ಮಂಜಾದದ್ದು ನನ್ನ ಕಣ್ಣು, ಮೂಗಲ್ಲ ಎನ್ನುವುದು ಆಕೆಗೆ ಹೊಳೆಯಲಿಲ್ಲ. ಆದರೂ ನಾನು ಭರಣಿಯ ತಂಟೆಗೆ ಹೋಗಲಿಲ್ಲ, ಏಕೆಂದರೆ ನನಗೆ ಕಣ್ಣಿನ ಅವಸರವಿತ್ತು. ಕುಕನೂರಿಗೆ ಕೊಟ್ಟ ಮೊಮ್ಮಗಳು ಚೊಚ್ಚಲ ಬಸುರಿ. ಹುಟ್ಟುವ ಕೂಸಿಗೆ ಹಳೆಯ ಸೀರೆ ಕತ್ತರಿಸಿ ಕೌದಿ ಹೊಲಿಯುವುದು ನನ್ನ ಕೆಲಸ. ಸೂಜಿಗೆ ದಾರ ಪೋಣಿಸಿಕೊಡಲು ಸೊಸೆಯನ್ನು ಕರೆಯಬಹುದು, ಹೊಲಿಯಲು ಕರೆಯುವಂತಿಲ್ಲ. ಆಕೆ ಹಾಕುವ ಹೊಲಿಗೆಯ ಸಂದಿಯಲ್ಲಿ ಕೂಸಿನ ಕಾಲು ಸಿಕ್ಕಿಕೊಂಡೀತು. ಅಂತೂ ಕೂಸು ಬರುವುದರೊಳಗೆ ನನ್ನ ಕಣ್ಣು ಬರಬೇಕಿತ್ತು.

ಸೊಸೆ ನಮ್ಮ ಭಾಗ್ಯನಗರದಲ್ಲಿ ಆಶಾ ಕಾರ್ಯಕರ್ತೆ. ಒಂದು ಸಂಜೆ ರೊಟ್ಟಿ ಬಡಿಯುತ್ತ ಅಂದಳು, “ಅತ್ತಿ, ನಾಳೆ ಸಮುದಾಯ ಭವನಕ್ಕ ಡಾಕ್ಟರ್ ಮಂದಿ ಬರ್ತಾರಂತ. ಮೈ ಮುಟ್ಟದ ಬಿಪಿ ನೋಡೋ ಹೊಸಾ ಮಷೀನು ಬಂದೈತಂತ, ಅದನ್ನ ಪರೀಕ್ಷಾ ಮಾಡ್ತಾರಂತ. ಕ್ಯಾಮೆರಾ ಮುಂದ ಕುಂತ್ರ ಸಾಕು. ಮನಸ್ಸಿದ್ದ ಹಿರ್ಯಾರನ್ನ ಕರ್ಕೊಂಡ ಬಾ ಅಂದಾರ.”

“ಮುಟ್ಟದ ಅಂದ್ರ, ಆ ಪಟ್ಟಿ?”

“ಅದು ಇಲ್ಲದ ನೋಡೂ ಮಷೀನ ಅತ್ತಿ.”

ನನಗೆ ಜೀವ ಬಂದಂತಾಯಿತು. ತಪ್ಪೆಲ್ಲ ಪಟ್ಟಿಯದೇ ಎಂದು ಮೊದಲಿನಿಂದಲೂ ನನ್ನ ಅನುಮಾನ. ಅಷ್ಟು ಬಿಗಿಯಾಗಿ ತೋಳು ಹಿಚುಕಿದರೆ ಯಾರ ರಕ್ತಕ್ಕಾದರೂ ಸಿಟ್ಟು ಬರುತ್ತದೆ. ಕ್ಯಾಮೆರಾ ನಿಜ ಹೇಳಲಿ, ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗಿ ಕಣ್ಣಿನ ಡಾಕ್ಟರ ಮೇಜಿನ ಮೇಲೆ ಇಡೋಣ ಎಂದುಕೊಂಡೆ.

ಮರುದಿನ ಸಮುದಾಯ ಭವನದ ಮುಂದೆ ನಮ್ಮ ಓಣಿಯ ಹೆಂಗಸರನ್ನು ನೋಡಿದರೆ ಮದುವೆಗೆ ಹೊರಟವರ ಹಾಗಿದ್ದರು. ಕ್ಯಾಮೆರಾ ಎಂದ ಮೇಲೆ ಯಾರು ಹಾಗೇ ಬಂದಾರು? ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆಗಳು ಹೊರಬಂದಿದ್ದವು. ಕೆನ್ನೆಗೆ ಅರಿಶಿಣ, ಅದರ ಮೇಲೆ ಪೌಡರು. ನನ್ನ ನೆಗೆಣ್ಣಿಯಂತೂ, ಎಂದರೆ ಮೈದುನನ ಹೆಂಡತಿ, ಪೌಡರಿನ ಡಬ್ಬಿಯಲ್ಲಿ ಮುಖ ಅದ್ದಿ ಬಂದವಳಂತಿದ್ದಳು. ನಾನೂ ಹಣೆಗೆ ವಿಭೂತಿ ದಪ್ಪಗೆ ಎಳೆದುಕೊಂಡಿದ್ದೆ. ಪೌಡರು ಸ್ವಲ್ಪವೇ.

ಒಳಗೆ ಒಂದು ಕುರ್ಚಿ, ಅದರ ಎದುರು ಮೂರು ಕಾಲಿನ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಕಂಪ್ಯೂಟರು. ಹುಬ್ಬಳ್ಳಿ ಕಡೆಯ ಡಾಕ್ಟರ್ ಹುಡುಗಿಯೊಬ್ಬಳು ನಮ್ಮ ಸಾಲನ್ನು ನೋಡಿದಳು. ನಗಬೇಕೋ ಅಳಬೇಕೋ ಆಕೆಗೆ ತಿಳಿಯಲಿಲ್ಲ.

“ಎಲ್ಲಾರೂ ಒಂದೀಟ ಮುಖ ತೊಳ್ಕೊಂಡ ಬರ್ರಿ.”

“ಯಾಕವಾ, ನಾವೇನ ಹೊಲಸ ಅದೀವೇನು?” ಎಂದಳು ನೆಗೆಣ್ಣಿ.

“ಹಂಗಲ್ರಿ ಅಮ್ಮಾರ. ಎದಿ ಬಡದಾಗೊಮ್ಮೆ ಮುಖಕ್ಕ ರಕ್ತ ಬರತೈತಿ. ಚರ್ಮದ ಬಣ್ಣ ಕೂದಲೆಳಿಯಷ್ಟ ಬದಲಾಕ್ಕೈತಿ. ನಮ್ಮ ಕಣ್ಣಿಗೆ ಕಾಣಂಗಿಲ್ಲ, ಈ ಕ್ಯಾಮೆರಾಕ್ಕ ಕಾಣತೈತಿ. ಅದನ್ನ ಹಿಡ್ಕೊಂಡ ಕಂಪ್ಯೂಟರು ಬಿಪಿ ಎಷ್ಟೈತಿ ಅಂತ ಅಂದಾಜ ಮಾಡತೈತಿ. ನೀವು ಹಿಂಗ ಸುಣ್ಣಾ ಬಳಕೊಂಡ ಬಂದ್ರ ಅದಕ್ಕ ಗ್ವಾಡಿನ ಕಾಣತೈತಿ.”

“ಕುಂಕುಮ ಅಳಸ್ಕೊಳ್ಳಂಗಿಲ್ಲ ನೋಡು, ಈಗ ಹೇಳೀನಿ.”

“ಕುಂಕುಮ ಇರ್ಲ್ರಿ. ಕೆನ್ನಿ ಅಷ್ಟ ತೊಳ್ಕೊರ್ರಿ.”

ಹೊರಗಿನ ನಳದ ಹತ್ತಿರ ಎಲ್ಲರೂ ಬಗ್ಗಿದೆವು. ನೀರು ಹಳದಿಯಾಗಿ ಹರಿಯಿತು. ನೆಗೆಣ್ಣಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, “ಅಕ್ಕಾ, ಅರ್ಧಾ ತಾಸು ಕನ್ನಡಿ ಮುಂದ ಕುಂತಿದ್ನಿ” ಎಂದು ಗೊಣಗಿದಳು. ಈಗ ಮನುಷ್ಯರ ಹಾಗೆ ಕಾಣುತ್ತೀಯ ಎಂದೆ. ಆಕೆ ನನ್ನ ಮೇಲೆ ನೀರು ಸಿಡಿಸಿದಳು.

ನನ್ನ ಸರದಿ ಬಂತು. ಕುರ್ಚಿಯಲ್ಲಿ ಕೂತೆ. ಡಾಕ್ಟರ್ ಹುಡುಗಿ ಕೈಯಲ್ಲಿ ಅದೇ ಪಟ್ಟಿ ಹಿಡಿದು ಬಂದಳು.

“ಮುಟ್ಟಂಗಿಲ್ಲ ಅಂತ ಹೇಳಿ ಕರಸೀರಿ” ಎಂದೆ.

“ಕ್ಯಾಮೆರಾ ಖರೇ ಹೇಳತೈತೋ ಸುಳ್ಳ ಹೇಳತೈತೋ ಗೊತ್ತಾಗಬೇಕಲ್ರಿ ಅಜ್ಜಿ. ಅದಕ್ಕ ಎರಡೂ ಕೂಡೇ ನೋಡ್ತೀವಿ.”

ಇದು ನನಗೆ ಒಪ್ಪಿಗೆಯಾಯಿತು. ಹೊಸ ತಕ್ಕಡಿ ತಂದಾಗ ಹಳೆಯ ತಕ್ಕಡಿಯಲ್ಲೂ ಒಮ್ಮೆ ತೂಗಿ ನೋಡುತ್ತೇವಲ್ಲ, ಹಾಗೆ. ತೋಳು ಕೊಟ್ಟೆ. ಬೆನ್ನು ಆನಿಸಿ, ಎರಡೂ ಕಾಲು ನೆಲಕ್ಕೂರಿ, ತುಟಿ ಬಿಚ್ಚದೆ ಕೂತಿರಬೇಕು ಎಂದಳು. ಮೊದಲೆರಡು ಕೆಲಸ ಸುಲಭವಾಗಿದ್ದವು. ಮೂರನೆಯದಕ್ಕೆ ನಾನು ಹುಟ್ಟಿದವಳಲ್ಲ. ಎದುರಿಗೆ ಕೂತಿದ್ದ ನೆಗೆಣ್ಣಿಯ ಕಿವಿಯ ಕೆಳಗೆ ಅರಿಶಿಣ ಇನ್ನೂ ಉಳಿದಿತ್ತು. ಹೇಳದೆ ಹೇಗಿರಲಿ? ಹೇಳಿದೆ. ಅಲ್ಲಿಂದ ಆಕೆಯ ಮದುವೆಯ ದಿನ ಅರಿಶಿಣ ಹೆಚ್ಚಾಗಿದ್ದ ಕಥೆಗೆ ಬಂದೆ.

ಪಟ್ಟಿ ಉಸಿರು ಬಿಟ್ಟಿತು. ಹುಡುಗಿ ನೋಡಿದಳು. ದವಾಖಾನೆಯಲ್ಲಿ ನರ್ಸು ಮಾಡುತ್ತಿದ್ದ ಮುಖವನ್ನೇ ಮಾಡಿದಳು.

“ಇನ್ನೊಮ್ಮೆ ನೋಡೂಣ್ರಿ. ಈ ಸಲ ಖರೇವಂದ್ರ ಬಾಯಿ ಮುಚ್ಚಬೇಕ ನೋಡ್ರಿ.”

ನೆಗೆಣ್ಣಿಯನ್ನು ಹೊರಗೆ ಕಳಿಸಿದರು. ಫ್ಯಾನು ತಿರುಗುತ್ತಿತ್ತು. ಕಿಟಕಿಯಾಚೆ ಯಾರೋ ಮೊಪೆಡ್ಡಿಗೆ ಒದೆಯುತ್ತಿದ್ದರು, ಅದು ಚಾಲೂ ಆಗುತ್ತಿರಲಿಲ್ಲ. ಅದರ ಬಗ್ಗೆಯೂ ಹೇಳಲು ನನ್ನಲ್ಲಿ ಮಾತಿತ್ತು, ನುಂಗಿದೆ. ನುಂಗುತ್ತ ನುಂಗುತ್ತ ಭುಜ ತಾನಾಗಿ ಇಳಿಯಿತು, ಉಸಿರು ಉದ್ದವಾಯಿತು. ಇಷ್ಟು ಹೊತ್ತು ಯಾರೂ ನನ್ನಿಂದ ಏನೂ ಕೇಳದೆ, ನಾನೂ ಏನೂ ಹೇಳದೆ ಕೂತದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ.

“ನೋಡ್ರಿ ಅಜ್ಜಿ, ಎಷ್ಟ ಇಳಿದೈತಿ” ಎಂದಳು ಹುಡುಗಿ. “ಮಾತಾಡಿದ್ರ ಬಿಪಿ ಏರತೈತ್ರಿ. ಎಲ್ಲಾರಿಗೂ ಅಷ್ಟ. ನಿಮಗ ಸ್ವಲ್ಪ ಹೆಚ್ಚಿಗಿ.”

ನನಗೆ ಆಗ ಹೊಳೆಯಿತು. ಕಣ್ಣಿನ ದವಾಖಾನೆಯಲ್ಲಿ ಮೊದಲ ಸಲ ಪಟ್ಟಿ ಕಟ್ಟಿದಾಗ ಆ ನರ್ಸಿನ ತವರೂರು ಯಾವುದೆಂದು ಕೇಳಿದ್ದೆ. ಯಲಬುರ್ಗಾ ಎಂದಳು. ಯಲಬುರ್ಗಾದಲ್ಲಿ ನನಗೆ ಗೊತ್ತಿದ್ದವರ ಹೆಸರೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಪಟ್ಟಿ ಬಿಚ್ಚಿದ್ದಳು. ಎರಡನೆಯ ಸಲ, ಉಳಿದವರ ಹೆಸರು.

“ಹಂಗಾರ ಈ ಕ್ಯಾಮೆರಾದ ಲೆಕ್ಕಾ ಒಂದ ಚೀಟಿ ಮ್ಯಾಲ ಬರಕೊಡವಾ, ಕಣ್ಣಿನ ಡಾಕ್ಟ್ರಿಗೆ ತೋರಸ್ತೀನಿ.”

“ಅದು ಆಗೂದಿಲ್ರಿ. ಇದಿನ್ನೂ ಪರೀಕ್ಷಾದಾಗ ಐತಿ. ಇವತ್ತ ಪಟ್ಟಿಗೂ ಇದಕ್ಕೂ ಎಷ್ಟ ಫರಕ ಬಂತು ಅಂತ ಕುಂತ ನೋಡಬೇಕು. ಅಲ್ಲೆ ಪಟ್ಟೀಲೇನ ನೋಡ್ತಾರ. ಗುಳಗಿ ಬಿಡಬ್ಯಾಡ್ರಿ, ಹೋದಕೂಡ್ಲೆ ತೋಳ ಕೊಡಬ್ಯಾಡ್ರಿ, ಸ್ವಲ್ಪ ಹೊತ್ತ ಕುಂದರ್ರಿ. ಮತ್ತ ಆಗ ಹೇಳಿದ್ನಲ್ರಿ.”

“ಬಾಯಿ” ಎಂದೆ.

“ಹೌದ್ರಿ, ಅದ.”

ಮುಂದಿನ ವಾರ ಕಣ್ಣಿನ ದವಾಖಾನೆಗೆ ನಮ್ಮ ಯಜಮಾನರೊಂದಿಗೆ ಹೋದೆ. ಬಸ್ಸಿಳಿಯುವ ತನಕ ಇದ್ದ ಮಾತೆಲ್ಲ ಖರ್ಚು ಮಾಡಿದೆ, ಒಳಗೆ ಏನೂ ಉಳಿಯಬಾರದೆಂದು. ಬೆಂಚಿನ ಮೇಲೆ ಬಹಳ ಹೊತ್ತು ಕೂತೆ. ಕೂತಲ್ಲೇ ನರ್ಸು ಬಂದು ಪಟ್ಟಿ ಕಟ್ಟಿದಳು, ಅದೇ ಯಲಬುರ್ಗಾದವಳು. ನಾನು ಮುಗುಳ್ನಕ್ಕು ತುಟಿ ಒತ್ತಿ ಹಿಡಿದೆ. ಸುಮ್ಮನಿರುವ ವಿಷಯ ನಮ್ಮ ಮನೆಯವರಿಗೆ ಹೇಳಿರಲಿಲ್ಲ. ಹೇಳಿದ್ದರೆ ಸುಮ್ಮನಿರಲು ಬಾರದೆಂದು ಅಣಕಿಸುತ್ತಿದ್ದರು.

“ಬುತ್ತಿ ಚೀಲ ಎಲ್ಲೆ ಇಟ್ಟಿ?” ಎಂದರು ಅವರು.

ನಾನು ಎದುರಿನ ಗೋಡೆ ನೋಡಿದೆ.

“ಏ, ನಿನ್ನ ಕೇಳಾಕತ್ತೀನಿ. ಬಸ್ಸಿನಾಗ ಬಿಟ್ಟಿಯೇನ?”

ಪಟ್ಟಿ ಬಿಗಿಯಾಗುತ್ತ ಹೋಯಿತು.

“ನನ್ನ ಮ್ಯಾಲ ಸಿಟ್ಟ ಬಂದೈತೇನ? ನಾ ಏನ ಮಾಡೀನಿ?” ಅವರು ಬಗ್ಗಿ ನನ್ನ ಮುಖ ನೋಡಿದರು. ದನಿ ಬದಲಾಯಿತು. “ಸಿಸ್ಟರ್, ಬಿಡ್ರಿ ಅದನ್ನ, ಡಾಕ್ಟ್ರನ್ನ ಕರೀರಿ. ಈಕಿ ಮಾತಾಡವಲ್ಲಳು. ಲಗ್ನಾದಾಗಿಂದ ಹಿಂಗ ಒಂದಿನನೂ ಆಗಿಲ್ರಿ ಈಕಿಗೆ.”

ನಗು ಬಂತು. ಹೊಟ್ಟೆಯಲ್ಲೇ ಹಿಡಿದೆ. ನಕ್ಕರೂ ಏರುತ್ತದೋ ಏನೋ, ಹುಡುಗಿಯನ್ನು ಕೇಳಿರಲಿಲ್ಲ.

“ಏನೂ ಆಗಿಲ್ರಿ ಅಜ್ಜಾರ, ಹಿಂಗ ಇರಬೇಕು” ಎಂದು ನರ್ಸು ಅಂಕಿ ನೋಡಿದಳು. ನಂಬಲಿಲ್ಲ. ಸ್ವಲ್ಪ ತಡೆದು ಇನ್ನೊಮ್ಮೆ ಪಟ್ಟಿ ಬಿಗಿದಳು. ಮತ್ತೆ ನೋಡಿ, ಕಾಗದ ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದಳು. ಹೊರಗೆ ಬಂದಾಗ ಮುಖ ಸಣ್ಣದಾಗಿರಲಿಲ್ಲ. “ಸೋಮವಾರ ಬರ್ರಿ ಅಜ್ಜಿ. ಆಪರೇಷನ್ ಮಾಡ್ತಾರಂತ.”

“ಚೀಲ ನಿಮ್ಮ ಹೆಗಲಿಗೇ ಐತಿ” ಎಂದೆ ನಮ್ಮ ಮನೆಯವರಿಗೆ.

ಅವರು ಹೆಗಲು ಮುಟ್ಟಿ ನೋಡಿಕೊಂಡು ನನ್ನ ಪಕ್ಕದಲ್ಲಿ ಕುಸಿದು ಕೂತರು. ನೀರಿನ ಬಾಟಲಿ ತೆಗೆದು ಅರ್ಧ ಖಾಲಿ ಮಾಡಿದರು. ಕ್ಯಾಮೆರಾದ ಕಥೆಯನ್ನೆಲ್ಲ ಆಗ ಹೇಳಿದೆ. ಎಲ್ಲ ಕೇಳಿ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು.

“ಸೋಮವಾರ ಆಪರೇಷನ್ ಮಾಡಾಗೂ ಸುಮ್ಮನ ಮಲಗಬೇಕೇನ ನೀ?”

“ಮತ್ತ? ಕಣ್ಣಾಗ ಕೈ ಇಟ್ಟಿರ್ತಾರ.”

“ಹಂಗಾರ ನಾ ಹೊರಗ ಕುಂದರ್ತೀನಿ” ಎಂದರು. “ನೀ ಹಂಗ ಸುಮ್ಮನಿರೂದು ನನಗ ನೋಡಾಕ ಆಗಂಗಿಲ್ಲ.”