ನಾನು ಮುಚ್ಚಿದ ತಗ್ಗು

ಬೆಳಿಗ್ಗೆ ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಹಂದರದ ಹೀರೇಕಾಯಿ ಕೊಯ್ದಿಟ್ಟು ಹೊಲದಲ್ಲಿದ್ದ ಯಜಮಾನರಿಗೆ ಬುತ್ತಿ ಹೊತ್ತು ಹೊರಟಿದ್ದೆ. ವನ್ಯಜೀವಿಗಳಿಗೆ ಮೀಸಲಾದ ಕುರುಚಲು ಕಾಡಿನೊಳಗಿನ ಗರಸು ಹಾಸಿದ ಕಲ್ಲುಮಣ್ಣಿನ ರಸ್ತೆ ರಾತ್ರಿಯ ಮಳೆಗೆ ಉದ್ದಕ್ಕೂ ಸೀಳಿಹೋಗಿತ್ತು. ಕೊಚ್ಚಿಹೋದ ಗರಸೆಲ್ಲ ಚಿಗರಿಗಳು ನೀರು ಕುಡಿಯುವ ಹೊಂಡದಲ್ಲಿ ತುಂಬಿತ್ತು. ರಸ್ತೆ ನೋಡಿಕೊಳ್ಳುವ ಶಾಂತಕ್ಕ ಒಬ್ಬಳೇ ಹೊಂಡಕ್ಕಿಳಿದು ಬುಟ್ಟಿಯಲ್ಲಿ ಅದನ್ನು ಎತ್ತಿಹಾಕುತ್ತಿದ್ದಳು.

“ಮಳಿ ನೀರು ಬಾಜೂಕ ಹೋಗ್ಲಿ ಅಂತ ರಸ್ತೇಕ ಅಡ್ಡ ಕಾಲಿವಿ ತಗದಿದ್ದೆರಿ ಅಕ್ಕಾರ. ಯಾರೋ ಪುಣ್ಯಾತ್ಮರು ತಗ್ಗಂತ ತಿಳದು ಮುಚ್ಚ್ಯಾರ. ಸಂಜೀಕ ಚಿಗರಿ ಬಂದು ಗರಸು ತಿಂತಾವೇನ್ರಿ?” ಅಂದಳು.

ಆ ಪುಣ್ಯಾತ್ಮಳು ನಾನೇ. ಹೋದ ವಾರ ಯಜಮಾನರ ಗಾಡಿ ಅಲ್ಲಿ ಕುಲುಕಿ ಮಜ್ಜಿಗೆ ಚೆಲ್ಲಿತ್ತು. ಮರುದಿನವೇ ಕಲ್ಲು, ಮಣ್ಣು ಸುರಿದು ತುಳಿದು ಗಟ್ಟಿ ಮಾಡಿದ್ದೆ. ಉಮದಿ ಸಂತೆಯಲ್ಲೂ ಹೇಳಿಕೊಂಡು ಮೆರೆದಿದ್ದೆ.

“ನಾನ ಮುಚ್ಚೀನಿ ಶಾಂತಕ್ಕಾ,” ಎಂದೆ. ಅವಳು ಬಯ್ಯಲಿಲ್ಲ. ಇನ್ನೊಂದು ಬುಟ್ಟಿ ಚಾಚಿ, “ಹಂಗಾರ ಬರ್ರಿ, ಸೀರಿ ಎತ್ತಿ ಕಟ್ಟರಿ,” ಅಂದಳು.

ಹೊಂಡದ ತಳ ಕಾಣುವಾಗ ಹೊತ್ತು ಇಳಿದಿತ್ತು. ಹೊಲದ ಬುತ್ತಿಯನ್ನು ನಾವಿಬ್ಬರೇ ಉಂಡಿದ್ದೆವು. ಮನೆಗೆ ಬಂದು ಹೀರೇಕಾಯಿ ಪಲ್ಯ ಮಾಡಿ, ಹಸಿದಿದ್ದ ಯಜಮಾನರಿಗೆ ಬಡಿಸುತ್ತ ಎಲ್ಲವನ್ನೂ ಹೇಳಿದೆ. ಸಂತೆಯವರಿಗೆ ಹೇಳುವ ಧೈರ್ಯ ಬಂದಿಲ್ಲ, ಅವರು ಇದನ್ನು ಓದಿಯೇ ತಿಳಿಯಬೇಕು. ಯಜಮಾನರು ಎರಡು ರೊಟ್ಟಿ ಉಂಡು ನನಗಿಂತ ಮೊದಲೇ ಮಲಗಿದರು.