ಜೀಪಿನಲ್ಲಿ ಬಂದ ಸತ್ಯ

ಆ ದಿನ ಜೀಪಿನಲ್ಲಿ ಇದ್ದದ್ದು ನಾವು ಮೂವರೇ: ಚಾಲಕ ಮೋನಪ್ಪ, ಗ್ರಾಮಕರಣಿಕರು ಮತ್ತು ಮೈಕು ಹಿಡಿದ ಶಾಲಾಮಾಷ್ಟ್ರು, ಅಂದರೆ ನಾನು. ತನ್ನ ಸ್ವರ ಬಹಳ ಇಂಪಾದದ್ದೆಂಬ ಭ್ರಮೆ ಮನುಷ್ಯನಿಗೆ ಹುಟ್ಟುವುದು ಎರಡೇ ಕಡೆ, ಒಂದು ಬಚ್ಚಲುಮನೆಯಲ್ಲಿ, ಇನ್ನೊಂದು ಧ್ವನಿವರ್ಧಕದ ಮುಂದೆ. ಬೆಳ್ಳಾರೆಯಿಂದ ಒಳಗೆ ಹೋಗುವ ಮಣ್ಣುರಸ್ತೆಯಲ್ಲಿ ನನಗೆ ಎರಡನೆಯದರ ಅಮಲು ಏರಿತ್ತು.

ಎಪ್ಪತ್ತೇಳರ ಚುನಾವಣೆಗೆ ಇನ್ನು ನಾಲ್ಕೇ ದಿನ. ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ನಿಜವಾಗಿ ಆಪರೇಶನ್ನಿನ ಗುರುತು, ಗುರುತಿದ್ದ ಗಂಡಸರನ್ನೆಲ್ಲ ಮುಂದಿನ ವಾರ ಸಂತಾನಹರಣದ ಶಿಬಿರಕ್ಕೆ ಎತ್ತಿಕೊಂಡು ಹೋಗುತ್ತಾರೆ ಎಂಬ ಸುದ್ದಿ ಬೀಡಿ ಕಟ್ಟುವ ಜಗಲಿಗಳಿಂದ ಮೀನಿನ ಬುಟ್ಟಿಗಳವರೆಗೆ ಸಂಚರಿಸುತ್ತಿತ್ತು. ಅದಕ್ಕೆ ನಮ್ಮ ಹಾಗೆ ಬಸ್ಸು ಕಾಯುವ ಹಂಗಿರಲಿಲ್ಲ. ಮೇಲಿನವರು ಕಂಗಾಲಾಗಿ, ಸುಳ್ಳನ್ನು ಕೂಡಲೇ ಖಂಡಿಸಿ ಎಂದು ಆಜ್ಞೆ ಕಳಿಸಿದರು. ಖಂಡಿಸಲು ನಾಲ್ಕು ಪುಷ್ಟವಾದ ವಾಕ್ಯಗಳು, ಓದಲು ಸುಸ್ವರದ ನಾನು; ಪ್ರಜಾಪ್ರಭುತ್ವಕ್ಕೆ ಇನ್ನೇನು ಬೇಕು, ನೀವೇ ಹೇಳಿ.

ಮೂರನೆಯ ತಿರುವಿನಲ್ಲಿ ನನಗೆ ದಿಗ್ಭ್ರಮೆಯಾಯಿತು. ಸತ್ಯವನ್ನು ಕೇಳಲು ಅಂಗಳಕ್ಕೆ ಇಳಿಯಬೇಕಾದ ಗಂಡಸರು ತಲೆಯ ಹಾಳೆಟೋಪಿ, ಮುಟ್ಟಾಳೆ, ಬಿದ್ದರೂ ಹೆಕ್ಕದೆ ಗುಡ್ಡೆ ಹತ್ತಿ ಓಡುತ್ತಿದ್ದರು. ನಾನು ಗಟ್ಟಿಯಾಗಿ ಓದಿದಷ್ಟೂ ಅವರ ವೇಗ ಹೆಚ್ಚುತ್ತಿತ್ತು.

“ಮಾಷ್ಟ್ರೆ, ಹೋದ ವರ್ಷ ಶಿಬಿರಕ್ಕೆ ಜನ ತುಂಬಿಸಿದ್ದು ಇದೇ ಜೀಪಲ್ವಾ,” ಎಂದ ಮೋನಪ್ಪ, ಗೇರು ಬದಲಿಸುತ್ತ. “ಇದರ ಸದ್ದು ಇವರಿಗೆ ಒಂದು ಮೈಲಿ ದೂರದಿಂದಲೇ ಗೊತ್ತುಂಟು.”

ಚುನಾವಣೆಗೆ ವಾಹನ ಸಾಲದೆ, ಕುಟುಂಬ ಯೋಜನೆಯ ಜೀಪನ್ನೇ ಎರವಲು ತಂದಿದ್ದರು. ಶಿಬಿರ ಇಲ್ಲವೆಂದು ಸಾರಲು ಶಿಬಿರದ ಜೀಪು! ನಾನು ಮೈಕು ಕೆಳಗಿಟ್ಟು, ಪರಿಚಯದ ಕೃಷಿಕರಾದ ಶಿವಪ್ಪಣ್ಣನ ಮನೆಗೆ ನಡೆದುಕೊಂಡು ಹೋದೆ. ಅವರ ಒಬ್ಬನೇ ಮಗನಿಗೆ ಮದುವೆಯಾಗಿ ತಿಂಗಳಾಗಿತ್ತಷ್ಟೆ. ಅವನೂ ಗುಡ್ಡೆಯ ಮೇಲಿದ್ದ. ಶಿವಪ್ಪಣ್ಣ ಓಡಿರಲಿಲ್ಲ. ಬೆಲ್ಲ, ನೀರು ಇಟ್ಟು, ಜೀಪಿನ ತಪ್ಪನ್ನು ನಾನು ಹಾಸ್ಯವಾಗಿ ಬಣ್ಣಿಸಿದ್ದನ್ನು ಕೊನೆಯವರೆಗೂ ಕೇಳಿದರು.

“ಜೀಪಿನದ್ದು ಬಿಡಿ ಮಾಷ್ಟ್ರೆ,” ಎಂದರು. “ನನ್ನ ತಮ್ಮನನ್ನು, ‘ಎಂತದೂ ಇಲ್ಲ, ಬರೀ ಪರೀಕ್ಷೆ ಮಾಡುದು, ಸಂಜೆ ವಾಪಸು ಬರ್ಲಿಕ್ಕುಂಟು’ ಅಂತ ಹೇಳಿ ಕರ್ಕೊಂಡು ಹೋದದ್ದು ಯಾರು?”

ನಾನೇ. ಆ ವರ್ಷ ಪ್ರತಿ ಮಾಷ್ಟ್ರೂ ಇಷ್ಟಿಷ್ಟು ಮಂದಿಯನ್ನು ಶಿಬಿರಕ್ಕೆ ತರಬೇಕಿತ್ತು. ನಾನು ತಂದ ಇಬ್ಬರಲ್ಲಿ ಅವರ ತಮ್ಮನೂ ಒಬ್ಬ. ಅವನಿಗೆ ಇನ್ನೂ ಮಕ್ಕಳೇ ಆಗಿರಲಿಲ್ಲ. ಇದನ್ನು ನಾನು ಮರೆತೇ ಬಿಟ್ಟಿದ್ದೆ. ಊರಿನ ಸುಳ್ಳನ್ನು ಖಂಡಿಸಲು ಸರಕಾರ ಆರಿಸಿ ಕಳಿಸಿದ್ದು, ಆ ಊರಿಗೇ ಸುಳ್ಳು ಹೇಳಿದ ಗಂಟಲನ್ನು. ನಾಲ್ಕು ವಾಕ್ಯಗಳ ಪ್ರಕಟಣೆ ಕಿಸೆಯಲ್ಲೇ ಉಳಿಯಿತು.

“ಅವತ್ತು ನಾನು ಸುಳ್ಳು ಹೇಳಿದ್ದು ಶಿವಪ್ಪಣ್ಣ. ಇವತ್ತು ಹೇಳುದು ಸತ್ಯ,” ಎಂದೆ.

ಮತದಾನದ ದಿನ ಮಧ್ಯಾಹ್ನದ ಮೇಲೆ ಶಿವಪ್ಪಣ್ಣ ಒಬ್ಬರೇ ಬಂದರು. ಬೆರಳು ಚಾಚಿ, ಶಾಯಿ ಹಚ್ಚಿಸಿಕೊಂಡು, ಮತ ಹಾಕಿ, ಮತಗಟ್ಟೆಯ ಕೆಲಸಕ್ಕಿದ್ದ ನನ್ನ ಕಡೆ ನೋಡದೆ ಹೋದರು. ಮಗನನ್ನು ಮನೆಯಲ್ಲೇ ಬಿಟ್ಟಿದ್ದರು.

ಎಂಬತ್ತರ ಚುನಾವಣೆಗೆ ಮಗನೂ ಬಂದ. ಸೊಂಟದ ಮೇಲೆ ಎತ್ತಿಕೊಂಡ ಹೆಣ್ಣುಮಗುವನ್ನು ಶಿವಪ್ಪಣ್ಣನ ಕೈಗೆ ಕೊಟ್ಟು, ಸಾಲಿನಲ್ಲಿ ನಿಂತ.